ಕೋಲಾರದಲ್ಲಿ ಸರ್ಜನ್, ಜೊತೆಗೆ ಮೇಷ್ಟ್ರು: ಎರಡನ್ನೂ ಒಟ್ಟಿಗೆ ನಡೆಸುವುದು ಹೇಗೆ?

ಎಂಬಿಬಿಎಸ್ ಆದಮೇಲೆ ಎಂಎಸ್ ಜನರಲ್ ಸರ್ಜರಿ ಓದುತ್ತಿರುವ ಹುಡುಗ ಹುಡುಗಿಯರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. ಕಾಲೇಜು ಸೇರಿದರೆ ಆಪರೇಷನ್ ಕಡಿಮೆ ಆಗುತ್ತದಾ? ಪ್ರಾಕ್ಟೀಸಿಗೆ ಇಳಿದರೆ ಪಾಠ ಮಾಡುವುದು ತಪ್ಪಿಹೋಗುತ್ತದಾ?

ಎರಡನ್ನೂ ಬೇರೆ ಬೇರೆ ಕೆಲಸ ಅಂದುಕೊಂಡರೆ ಎರಡೂ ಅರ್ಧಂಬರ್ಧ ಆಗುತ್ತವೆ. ರೋಗಿಯನ್ನು ನೋಡುವ ಹೊತ್ತಿನಲ್ಲೇ ಪಾಠವೂ ನಡೆಯುವ ಹಾಗೆ ದಿನವನ್ನು ಕಟ್ಟಿಕೊಂಡರೆ ಯಾವುದೂ ಕಮ್ಮಿ ಆಗುವುದಿಲ್ಲ. ಅದಕ್ಕೆ ಬೆಂಗಳೂರಿಗಿಂತ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಂಥ ಊರೇ ವಾಸಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೋಲಾರದ ಸರ್ಜರಿ ವಾರ್ಡಿನಲ್ಲಿ ಒಂದು ಸುತ್ತು ಬಂದು ನೋಡಿ. ಟೊಮೆಟೊ ಬಾಕ್ಸ್ ಎತ್ತುವಾಗ ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡ ಹಮಾಲಿ ಇರುತ್ತಾನೆ. ಶುಗರ್ ಇದ್ದರೂ ಬರಿಗಾಲಲ್ಲಿ ಹಿಪ್ಪುನೇರಳೆ ತೋಟಕ್ಕೆ ಹೋಗಿ, ಮುಳ್ಳು ಚುಚ್ಚಿದ್ದು ಗೊತ್ತೇ ಆಗದೆ ಕಾಲು ಕೊಳೆಸಿಕೊಂಡ ರೈತ ಇರುತ್ತಾನೆ. ವರ್ಷಗಟ್ಟಲೆ ಹೊಗೆಸೊಪ್ಪು, ಕಡ್ಡಿಪುಡಿ ಕೆನ್ನೆಯೊಳಗೆ ಇಟ್ಟುಕೊಂಡು ಬಾಯಿ ಕ್ಯಾನ್ಸರ್ ಆದ ಅಜ್ಜಿ, ಕೀಲುನೋವಿಗೆ ಅಂಗಡಿ ಮಾತ್ರೆ ನುಂಗಿ ನುಂಗಿ ಜಠರದಲ್ಲಿ ತೂತಾದ ಹೆಂಗಸು, ಹೆದ್ದಾರಿಯಲ್ಲಿ ಬೈಕಿಂದ ಬಿದ್ದ ಹುಡುಗ. ತುಮಕೂರು ಕಡೆ ಹೋದರೆ ತೆಂಗಿನ ಮರದಿಂದ ಬಿದ್ದವರೂ ಸೇರುತ್ತಾರೆ. ಇಷ್ಟೆಲ್ಲಾ ಸರ್ಜನ್‌ಗಳ ಒಂದೇ ತಂಡದಲ್ಲಿ, ಅಂದರೆ ಒಂದೇ ಯೂನಿಟ್‌ನಲ್ಲಿ, ಒಂದೇ ವಾರದಲ್ಲಿ. ಕಲಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಮೊದಲು ಜಾಗ ಆರಿಸಿ

ಈ ಮೂರು ಜಿಲ್ಲೆಗಳಲ್ಲಿ ಸರ್ಜನ್ ಆಗಿ ಕಲಿಸಲು ಈಗ ಸಾಕಷ್ಟು ಜಾಗಗಳಿವೆ. ಕೋಲಾರದ ಟಮಕದಲ್ಲಿ 1986ರಲ್ಲಿ ಶುರುವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜು, ಅದರ ಜೊತೆಗೆ ಆರ್.ಎಲ್. ಜಾಲಪ್ಪ ಆಸ್ಪತ್ರೆ ಇದೆ. ತುಮಕೂರಿನಲ್ಲಿ 1988ರ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು, ಆಮೇಲೆ ಬಂದ ಶ್ರೀದೇವಿ ಕಾಲೇಜು ಇವೆ. ಚಿಕ್ಕಬಳ್ಳಾಪುರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಪಕ್ಕದ ಮುದ್ದೇನಹಳ್ಳಿಯಲ್ಲಿ ಶುಲ್ಕ ತೆಗೆದುಕೊಳ್ಳದೆ ನಡೆಸುವ ಕಾಲೇಜೂ ಇದೆ. ಕಾಲೇಜು ಬೇಡ ಅನ್ನುವವರಿಗೆ ಕೋಲಾರದ ಎಸ್‌ಎನ್‌ಆರ್ ಥರದ ಜಿಲ್ಲಾ ಆಸ್ಪತ್ರೆಗಳಿವೆ.

ಇಂಟರ್‌ವ್ಯೂಗೆ ಹೋದಾಗ ಎಲ್ಲರೂ ಸಂಬಳ ಕೇಳುತ್ತಾರೆ, ನೀವೂ ಕೇಳಿ. ಆದರೆ ಅದಕ್ಕೂ ಮೊದಲು ಓಟಿ (ಆಪರೇಷನ್ ಥಿಯೇಟರ್) ರಿಜಿಸ್ಟರ್ ನೋಡಬಹುದಾ ಅಂತ ಕೇಳಿ. ಅದರಲ್ಲಿ ಹಿಂದಿನ ತಿಂಗಳ ಪುಟ ತಿರುವಿದರೆ ಎಲ್ಲಾ ಗೊತ್ತಾಗುತ್ತದೆ. ಯೂನಿಟ್‌ಗೆ ವಾರಕ್ಕೆ ಎಷ್ಟು ಓಟಿ ದಿನ? ಅಸಿಸ್ಟೆಂಟ್ ಪ್ರೊಫೆಸರ್ ಹೆಸರು ಆಪರೇಟ್ ಮಾಡಿದವರ ಕಾಲಂನಲ್ಲಿ ಬರುತ್ತದಾ, ಇಲ್ಲ ಬರೀ ಅಸಿಸ್ಟ್ ಮಾಡಿದವರ ಕಾಲಂನಲ್ಲಾ? ರಾತ್ರಿಯ ಎಮರ್ಜೆನ್ಸಿ ಯಾರು ಮಾಡಿದ್ದಾರೆ? ಒಂದು ಯೂನಿಟ್‌ನಲ್ಲಿ ಪಿಜಿಗಳು (ಎಂಎಸ್ ಓದುತ್ತಿರುವವರು) ತೀರಾ ಜಾಸ್ತಿ, ಕೇಸ್ ಕಡಿಮೆ ಅಂದರೆ ಯಾರ ಕೈಗೂ ಕೆಲಸ ಸಿಗುವುದಿಲ್ಲ. ಹಾಗೇ ಕೈಕೆಲಸ ಅಭ್ಯಾಸ ಮಾಡುವ ಸ್ಕಿಲ್ಸ್ ಲ್ಯಾಬ್ ನೋಡಿಕೊಂಡು ಬನ್ನಿ. ಬೀಗ ಹಾಕಿ, ಇನ್‌ಸ್ಪೆಕ್ಷನ್ ದಿನ ಮಾತ್ರ ತೆಗೆಯುವ ಲ್ಯಾಬ್ ಆದರೆ ಆ ಕಾಲೇಜಿನ ಮನಸ್ಸು ಏನು ಅಂತ ಅಲ್ಲೇ ತಿಳಿಯುತ್ತದೆ.

ಇನ್ನೊಂದು ಮಾತು. ಈ ಮೂರೂ ಊರುಗಳು ಬೆಂಗಳೂರಿಂದ 60–70 ಕಿಲೋಮೀಟರ್ ಆಸುಪಾಸಿನಲ್ಲಿವೆ. ಹಾಗಾಗಿ ತುಂಬಾ ಡಾಕ್ಟರುಗಳು ದಿನಾ ಓಡಾಡುತ್ತಾರೆ. ಮಕ್ಕಳ ಸ್ಕೂಲು, ಸಂಗಾತಿಯ ಕೆಲಸ ಅಂತ ಕಾರಣಗಳಿರುತ್ತವೆ, ಅದನ್ನು ತಪ್ಪು ಅನ್ನಲಾರೆ. ಆದರೂ ಮೊದಲ ಕೆಲವು ವರ್ಷ ಊರಲ್ಲೇ ಮನೆ ಮಾಡಿ. ಬೆಳಿಗ್ಗೆ ಆಪರೇಷನ್ ಮಾಡಿದ ರೋಗಿಯನ್ನು ಸಂಜೆ ಇನ್ನೊಮ್ಮೆ ನೋಡುವವರೇ ಒಳ್ಳೆಯ ಸರ್ಜನ್ ಆಗುವುದು. ಪಿಜಿಗಳು ಮನಸ್ಸು ಬಿಚ್ಚಿ ಪ್ರಶ್ನೆ ಕೇಳುವುದೂ ಆ ಸಂಜೆಯ ರೌಂಡ್ಸಿನಲ್ಲೇ. ನಾಲ್ಕು ಗಂಟೆಗೆ ಕಾರು ಹತ್ತುವವರಿಗೆ ಎರಡೂ ಸಿಗುವುದಿಲ್ಲ.

ಪಾಠ ಮಾಡುವುದನ್ನು ಎಂಎಸ್ ಓದುವಾಗಲೇ ಶುರು ಮಾಡಿ

ಪ್ರೊಫೆಸರ್ ಆದಮೇಲೆ ಕಲಿಸುತ್ತೇನೆ ಅನ್ನುವವರು ಆಮೇಲೂ ಕಲಿಸುವುದಿಲ್ಲ. ಮೊದಲ ವರ್ಷದ ಪಿಜಿಗೆ ತಕ್ಷಣದ ವಿದ್ಯಾರ್ಥಿ ಅಂದರೆ ಪಕ್ಕದಲ್ಲೇ ನಿಂತಿರುವ ಇಂಟರ್ನ್, ಅಂದರೆ ಎಂಬಿಬಿಎಸ್ ಓದು ಮುಗಿಸಿ ತರಬೇತಿಯ ವರ್ಷದಲ್ಲಿರುವವರು. ಡ್ರೆಸಿಂಗ್, ಕ್ಯಾತಿಟರ್, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್, ಹೊಲಿಗೆ, ಗಂಟು. ಇವನ್ನು ಕಲಿಸುವುದರಿಂದ ಶುರು ಮಾಡಿ.

ಕೈಕೆಲಸ ಕಲಿಸಲು ಪೇಟನ್ ಅನ್ನುವ ಸರ್ಜನ್ ಅವರ ನಾಲ್ಕು ಹಂತದ ದಾರಿ ಬಹಳ ಸಲೀಸು. ಮೊದಲು ಮಾತಿಲ್ಲದೆ, ನಿಜವಾಗಿ ಮಾಡುವ ವೇಗದಲ್ಲೇ ಒಮ್ಮೆ ಮಾಡಿ ತೋರಿಸಿ. ಎರಡನೇ ಸಲ ಒಂದೊಂದು ಹೆಜ್ಜೆಯನ್ನೂ ವಿವರಿಸುತ್ತಾ ನಿಧಾನಕ್ಕೆ ಮಾಡಿ. ಮೂರನೇ ಸಲ ಕೈ ನಿಮ್ಮದು, ಮಾತು ಕಲಿಯುವವರದು. ಅವರು ಹೇಳಿದ ಹಾಗೆ ನೀವು ಮಾಡಬೇಕು. ನಾಲ್ಕನೇ ಸಲ ಅವರೇ ಹೇಳುತ್ತಾ ಅವರೇ ಮಾಡಬೇಕು. ಎಲ್ಲರೂ ಹಾರಿಸಿಬಿಡುವುದು ಮೂರನೆಯದನ್ನು. ನಿಜವಾದ ಕಲಿಕೆ ಇರುವುದು ಅಲ್ಲೇ. ಸೂಜಿ ಯಾವ ಕೋನದಲ್ಲಿ ಚರ್ಮಕ್ಕೆ ಇಳಿಯಬೇಕು ಅಂತ ಬಾಯಿಬಿಟ್ಟು ಹೇಳಲು ಬಾರದವರಿಗೆ ಅದು ಇನ್ನೂ ತಲೆಗೆ ಹೋಗಿಲ್ಲ ಅಂತ ಅರ್ಥ.

ಇದಕ್ಕೆ ದುಬಾರಿ ಮಾಡೆಲ್ ಬೇಕಿಲ್ಲ. ಸುಶ್ರುತರೇ ಶಿಷ್ಯರಿಗೆ ಕುಂಬಳ, ಸೋರೆ, ಸೌತೆಕಾಯಿ ಮೇಲೆ ಕೊಯ್ಯುವುದನ್ನೂ, ಬಟ್ಟೆ ಮತ್ತು ಮೆತ್ತನೆಯ ಚರ್ಮದ ಮೇಲೆ ಹೊಲಿಯುವುದನ್ನೂ ಅಭ್ಯಾಸ ಮಾಡಿಸಲು ಹೇಳಿದ್ದಾರೆ. ಕೋಲಾರದಲ್ಲಿ ತರಕಾರಿಗೆ ಬರವೇ? ಬಾಳೆಹಣ್ಣಿನ ಸಿಪ್ಪೆಯಲ್ಲಿ ಚರ್ಮದಡಿಯ ಹೊಲಿಗೆ ಅಭ್ಯಾಸ ಮಾಡಿಸಬಹುದು. ಹೊಲಿಗೆ ಎಷ್ಟು ಬಿಗಿಯಾಗಿರಬೇಕು ಅನ್ನುವುದಕ್ಕೆ ಟೊಮೆಟೊ ಒಳ್ಳೆಯ ಮೇಷ್ಟ್ರು. ಮಾಗಿದ ಹಣ್ಣಿಗೆ ಸಣ್ಣ ಸೀಳು ಮಾಡಿ, ಸಪೂರ ದಾರದಲ್ಲಿ ಹೊಲಿಯಲು ಹೇಳಿ. ಗಂಟು ಸ್ವಲ್ಪ ಬಿಗಿಯಾದರೂ ದಾರ ಸಿಪ್ಪೆಯನ್ನು ಕೊಯ್ದುಕೊಂಡು ಹೊರಗೆ ಬರುತ್ತದೆ. ಸಡಿಲ ಆದರೆ ಅಂಚು ಬಾಯಿ ಬಿಡುತ್ತದೆ. ಕರುಳು ಹೊಲಿಯುವಾಗ "ಕಟ್ಟು, ಆದರೆ ಕತ್ತು ಹಿಸುಕಬೇಡ" ಅಂತ ಹೇಳುತ್ತೇವಲ್ಲ, ಅದು ಒಂದು ಕಿಲೋ ಟೊಮೆಟೊ ಮುಗಿಯುವಷ್ಟರಲ್ಲಿ ಕೈಗೆ ಅರ್ಥ ಆಗಿರುತ್ತದೆ.

ಈಗ ಪಿಜಿಗಳಿಗೆ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ, ಅಂದರೆ ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಇದೆ. ಅದನ್ನು ರಜೆ ಅಂತ ಕಳೆಯಬೇಡಿ. ಸೀನಿಯರ್ ಸರ್ಜನ್ ಒಬ್ಬರೇ ಇರುವ ಆಸ್ಪತ್ರೆಯಲ್ಲಿ ಯಾವ ಕೇಸ್ ಇಟ್ಟುಕೊಳ್ಳಬೇಕು, ಯಾವುದನ್ನು ಕಳಿಸಬೇಕು ಅನ್ನುವ ತೀರ್ಮಾನ ನೋಡಿ ಕಲಿಯಿರಿ. ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಸೀನಿಯರ್ ರೆಸಿಡೆಂಟ್ ವರ್ಷ ಮತ್ತು ಕಾಗದಪತ್ರ

ಲೆಕ್ಕ ಹೀಗಿದೆ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು, ಎಂಎಸ್ ಮೂರು. ಅದಾದಮೇಲೆ ಮಾನ್ಯತೆ ಇರುವ ಬೋಧನಾ ಆಸ್ಪತ್ರೆಯಲ್ಲಿ ಒಂದು ವರ್ಷ ಸೀನಿಯರ್ ರೆಸಿಡೆಂಟ್. ಆಗ ಅಸಿಸ್ಟೆಂಟ್ ಪ್ರೊಫೆಸರ್ ಆಗುವ ಅರ್ಹತೆ ಬರುತ್ತದೆ. ಎಲ್ಲಾ ಸೇರಿ ಕನಿಷ್ಠ ಒಂಬತ್ತೂವರೆ ವರ್ಷ, ನಡುವೆ ನೀಟ್ ತಯಾರಿಯ ಕಾಲ ಬೇರೆ. ಸರ್ಕಾರದ ಕಡ್ಡಾಯ ಸೇವೆಯ ಆದೇಶ ಬಂದರೆ, ಅದು ಬೋಧನಾ ಆಸ್ಪತ್ರೆಯ ಸೀನಿಯರ್ ರೆಸಿಡೆಂಟ್ ಹುದ್ದೆಯೇ ಅಂತ ಆದೇಶದ ಪ್ರತಿಯಲ್ಲೇ ನೋಡಿಕೊಳ್ಳಿ. ಆ ಒಂದು ಸಾಲು ಇಲ್ಲದಿದ್ದರೆ ಮುಂದೆ ಅನುಭವದ ಲೆಕ್ಕದಲ್ಲಿ ಒದ್ದಾಡಬೇಕಾಗುತ್ತದೆ.

2022ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮದ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ನಾಲ್ಕು ವರ್ಷ ಮತ್ತು ಎರಡು ಸಂಶೋಧನಾ ಪ್ರಬಂಧ ಆದರೆ ಅಸೋಸಿಯೇಟ್ ಪ್ರೊಫೆಸರ್ ಆಗಬಹುದಿತ್ತು. ಅಲ್ಲಿ ಮೂರು ವರ್ಷ, ಇನ್ನೆರಡು ಪ್ರಬಂಧ ಆದರೆ ಪ್ರೊಫೆಸರ್. ಇದರ ಜೊತೆ ಎರಡು ಕೋರ್ಸ್ ಬೇಕು. ಒಂದು, ಬೋಧನಾ ವಿಧಾನದ ಮೂಲ ಕೋರ್ಸ್. ಇನ್ನೊಂದು, ಬಯೋಮೆಡಿಕಲ್ ರಿಸರ್ಚ್ ಮೂಲ ಕೋರ್ಸ್. ಎರಡನೆಯದನ್ನು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ (ಎನ್‌ಐಇ) ಆನ್‌ಲೈನ್‌ನಲ್ಲೇ ನಡೆಸುತ್ತದೆ. ಅದನ್ನು ಪಿಜಿ ಮೊದಲ ವರ್ಷದಲ್ಲೇ ಮುಗಿಸಿಬಿಡಿ. ಥೀಸಿಸ್‌ಗೂ ಕೆಲಸಕ್ಕೆ ಬರುತ್ತದೆ. 2025ರಲ್ಲಿ ಬೋಧಕರ ಅರ್ಹತೆಯ ನಿಯಮವನ್ನು ಮತ್ತೆ ಪರಿಷ್ಕರಿಸಿದ್ದಾರೆ. ಆದ್ದರಿಂದ ಅರ್ಜಿ ಹಾಕುವ ದಿನ ಎನ್‌ಎಂಸಿ ವೆಬ್‌ಸೈಟಿನಲ್ಲಿರುವ ಗೆಜೆಟ್ ಪ್ರತಿಯನ್ನೇ ಓದಿ, ವಾಟ್ಸಾಪ್ ಗ್ರೂಪಿನ ಮಾತು ನಂಬಿ ಕೂರಬೇಡಿ.

ಎಂಎಸ್ ಆದ ತಕ್ಷಣ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆ ನೋಂದಣಿ ಮಾಡಿಸಿ. ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ 30 ಕ್ರೆಡಿಟ್ ಅವರ್ ಬೇಕು. ಆ ಕ್ರೆಡಿಟ್ ಕೊಡುವ ಸಿಎಂಇ (ವೈದ್ಯರ ಮುಂದುವರಿದ ಕಲಿಕೆ) ಸರ್ಟಿಫಿಕೇಟುಗಳನ್ನು ಒಂದೇ ಫೈಲಿನಲ್ಲಿಡಿ.

ಓಪಿಡಿಯಲ್ಲಿ ಪಾಠ: ಐದು ನಿಮಿಷ ಸಾಕು

ಹೊರರೋಗಿ ವಿಭಾಗದ ಹೊರಗೆ ಸಾಲು ನಿಂತಿರುತ್ತದೆ. ಒಳಗೆ ವಿದ್ಯಾರ್ಥಿಗಳ ಗುಂಪು. ಇಲ್ಲಿ ಲೆಕ್ಚರ್ ಕೊಡಲು ಹೋದರೆ ರೋಗಿಗೂ ಅನ್ಯಾಯ, ಕಲಿಯುವವರಿಗೂ ಬೇಸರ. ಇದಕ್ಕೆ ಚಿಕ್ಕದೊಂದು ಕ್ರಮವಿದೆ. ಒಂದು ಉದಾಹರಣೆ ಹೇಳುತ್ತೇನೆ.

ಮಾಲೂರು ಕಡೆಯ ಹದಿನೆಂಟರ ಹುಡುಗಿಗೆ ಬಲಗಡೆ ಕೆಳಹೊಟ್ಟೆ ನೋವು ಅಂದುಕೊಳ್ಳಿ. ಇಂಟರ್ನ್ ನೋಡಿ ಬಂದು ಕಥೆ ಹೇಳುತ್ತಾನೆ. ನೀವು ಬಾಯಿ ಹಾಕುವ ಮೊದಲು ಕೇಳಿ: "ನಿನಗೆ ಏನು ಅನ್ನಿಸುತ್ತದೆ?" ಏನಾದರೂ ಒಂದು ತೀರ್ಮಾನ ಅವನ ಬಾಯಿಂದ ಬರಲೇಬೇಕು. ಅಪೆಂಡಿಕ್ಸ್ ಅಂದ. "ಯಾಕೆ?" ನೋವು ಮೊದಲು ಹೊಕ್ಕುಳ ಸುತ್ತ ಇತ್ತು, ಆಮೇಲೆ ಬಲಕ್ಕೆ ಇಳಿಯಿತು, ಊಟ ಸೇರುತ್ತಿಲ್ಲ, ಮುಟ್ಟಿದರೆ ನೋವು ಅಂದ. ಈಗ ಒಂದೇ ಒಂದು ಸಾಮಾನ್ಯ ನಿಯಮ ಹೇಳಿಕೊಡಿ: ಈ ವಯಸ್ಸಿನ ಹೆಣ್ಣುಮಗಳಿಗೆ ಹೊಟ್ಟೆನೋವು ಅಂದರೆ ಕೊನೆಯ ಮುಟ್ಟು ಯಾವಾಗ ಅಂತ ಕೇಳದೆ ಮುಂದೆ ಹೋಗಬಾರದು, ಗರ್ಭಧಾರಣೆ ಇಲ್ಲ ಅಂತ ಟೆಸ್ಟ್‌ನಲ್ಲಿ ಖಾತ್ರಿ ಆಗಬೇಕು. ಆಮೇಲೆ ಅವನು ಸರಿ ಮಾಡಿದ್ದನ್ನು ನಿರ್ದಿಷ್ಟವಾಗಿ ಹೇಳಿ: "ನೋವು ಜಾಗ ಬದಲಾಯಿಸಿದ್ದನ್ನು ಕೇಳಿ ತಿಳಿದುಕೊಂಡಿದ್ದೀಯಲ್ಲ, ಅದು ಒಳ್ಳೆಯದು." ಸುಮ್ನೆ ಗುಡ್ ಅಂದರೆ ಪ್ರಯೋಜನವಿಲ್ಲ. ಕೊನೆಗೆ ಬಿಟ್ಟದ್ದನ್ನು ತಿದ್ದಿ: "ಆ ಪ್ರಶ್ನೆಯನ್ನು ಅವಳ ಅಪ್ಪನ ಎದುರಿಗೆ ಕೇಳಬೇಡ. ನರ್ಸ್ ಜೊತೆ ಪರದೆಯ ಒಳಗೆ ಕೇಳು."

ಇಷ್ಟಕ್ಕೆ ಐದು ನಿಮಿಷ ಬೇಕಾಗಬಹುದು. ಈ ಕ್ರಮಕ್ಕೆ ಒನ್ ಮಿನಿಟ್ ಪ್ರಿಸೆಪ್ಟರ್ ಅಂತ ಹೆಸರು, 1992ರಲ್ಲೇ ಬಂದದ್ದು. ಒಂದು ಓಪಿಡಿಯಲ್ಲಿ ಮೂರು ರೋಗಿಗಳಿಗೆ ಹೀಗೆ ಮಾಡಿ ಸಾಕು. ಉಳಿದವರನ್ನು ಬೇಗ ನೋಡಿ ಕಳಿಸಿ. ಅವರು ಊರಿನ ಬಸ್ಸು ಹಿಡಿಯಬೇಕು.

ಓಟಿಯಲ್ಲಿ ಪಾಠ

ಸರ್ಜನ್ ಮೇಷ್ಟ್ರಾಗುವುದು ನಿಜವಾಗಿ ಇಲ್ಲಿ. ಕಷ್ಟವೂ ಇಲ್ಲೇ ಜಾಸ್ತಿ. ಯಾಕೆಂದರೆ ಟೇಬಲ್ ಮೇಲೆ ಒಂದು ಜೀವ ಇದೆ, ಗಡಿಯಾರ ಓಡುತ್ತಿದೆ, ನಿಮ್ಮ ಕೈ ಆ ಕೆಲಸವನ್ನು ಪಿಜಿಯ ಕೈಗಿಂತ ಬೇಗ ಮುಗಿಸುತ್ತದೆ. ಹಾಗಂತ ನೀವೇ ಎಲ್ಲಾ ಮಾಡಿದರೆ ಮೂರು ವರ್ಷ ಆದಮೇಲೆ ಹೊರಗೆ ಹೋಗುವ ಸರ್ಜನ್‌ಗೆ ಒಂದು ಹರ್ನಿಯಾ ಮಾಡಲೂ ಧೈರ್ಯ ಇರುವುದಿಲ್ಲ. ಅವರ ಮುಂದಿನ ರೋಗಿಗಳು ಯಾರು? ಶ್ರೀನಿವಾಸಪುರದವರು, ಮುಳಬಾಗಿಲಿನವರು, ನಮ್ಮವರೇ ಅಲ್ವಾ?

ನಾನು ಹೇಳುವ ದಾರಿ ಒಂದೇ. ಆಪರೇಷನ್ನನ್ನು ತುಂಡು ಮಾಡಿ, ಒಂದೊಂದು ತುಂಡನ್ನು ಕಲಿಸಿ. ಹಮಾಲಿಯ ಹರ್ನಿಯಾಗೆ ಮೆಶ್ (ಬಲೆಯಂಥ ತೇಪೆ) ಹಾಕುವ ಆಪರೇಷನ್ ತೆಗೆದುಕೊಳ್ಳಿ. ಚರ್ಮ ಕೊಯ್ಯುವುದು, ಬಾಹ್ಯ ಸ್ನಾಯುಪೊರೆ ತೆಗೆಯುವುದು, ನರ ಗುರುತಿಸುವುದು, ವೀರ್ಯನಾಳದ ಹುರಿಯನ್ನು ಬಿಡಿಸಿ ಎತ್ತುವುದು, ಹರ್ನಿಯಾ ಚೀಲ ಬಿಡಿಸುವುದು, ಮೆಶ್ ಕೂರಿಸುವುದು, ಮುಚ್ಚುವುದು. ಮೊದಲ ದಿನ ಮುಚ್ಚುವುದನ್ನು ಮಾತ್ರ ಕೊಡಿ. ಅದು ಕೈಗೆ ಕೂತಮೇಲೆ ಮೆಶ್ ಹೊಲಿಯುವುದು. ಆಮೇಲೆ ತೆರೆಯುವುದು. ಚೀಲ ಬಿಡಿಸುವುದು ಎಲ್ಲಕ್ಕಿಂತ ಕೊನೆಗೆ. ಹೀಗೆ ಕೊನೆಯ ತುಂಡಿನಿಂದ ಶುರು ಮಾಡಿದರೆ ಪ್ರತಿ ಸಲವೂ ಪಿಜಿಗೆ ತಾನು ಆಪರೇಷನ್ ಮುಗಿಸಿದೆ ಅನ್ನುವ ತೃಪ್ತಿ ಸಿಗುತ್ತದೆ, ಅಪಾಯವೂ ಕಡಿಮೆ.

ಪ್ರತಿ ತುಂಡಿಗೂ ಒಂದು ಜಾಗ ಇರುತ್ತದೆ, ಅಲ್ಲಿ ನೀವು ಕಣ್ಣು ಮಿಟುಕಿಸಬಾರದು. ಮೆಶ್ ಹೊಲಿಯುವಾಗ ಅದು ಪ್ಯೂಬಿಕ್ ಟ್ಯೂಬರ್ಕಲ್. ಮೆಶ್ ಆ ಮೂಳೆಗಂಟನ್ನು ಒಂದೂವರೆಯಿಂದ ಎರಡು ಸೆಂಟಿಮೀಟರ್ ದಾಟಿ ಮಲಗಬೇಕು. ಸರಿಯಾಗಿ ಅಂಚಿಗೆ ನಿಲ್ಲಿಸಿದರೆ ಹರ್ನಿಯಾ ಅಲ್ಲಿಂದಲೇ ಮತ್ತೆ ತಲೆ ಹಾಕುತ್ತದೆ. ಹೊಲಿಗೆ ಮೂಳೆಯ ಪೊರೆಗೆ ಬೀಳಬಾರದು. ಬಿದ್ದರೆ ರೋಗಿಗೆ ತಿಂಗಳುಗಟ್ಟಲೆ ನೋವು. ಪಿಜಿ ಮೊದಲು ಬೆರಳಿಟ್ಟು ಆ ಗಂಟನ್ನು ಮುಟ್ಟಬೇಕು, "ಸಿಕ್ಕಿತು ಸರ್" ಅನ್ನಬೇಕು, ಆಮೇಲೆ ಸೂಜಿ. ಸ್ನಾಯುಪೊರೆ ತೆಗೆಯುವಾಗಲೂ ಹಾಗೇ. ಇಲಿಯೋಇಂಗ್ವಿನಲ್ ನರ ಕಣ್ಣಿಗೆ ಬಿದ್ದಮೇಲೆಯೇ ಕತ್ತರಿ ಮುಂದೆ ಹೋಗಬೇಕು.

ಓಟಿ ಒಳಗೆ ಹೋಗುವ ಮೊದಲು, ಕೈ ತೊಳೆಯುವ ಜಾಗದಲ್ಲೇ ಮಾತು ಮುಗಿಸಿ. "ಇವತ್ತು ನೀನು ಮಾಡುವುದು ಇಷ್ಟು. ನಾನು ನಿಲ್ಲಿಸು ಅಂದರೆ ಕೈ ಅಲ್ಲೇ ನಿಲ್ಲಬೇಕು. ಹತ್ತು ನಿಮಿಷದಲ್ಲಿ ಮುಂದೆ ಸಾಗದಿದ್ದರೆ ನಾನು ತೆಗೆದುಕೊಳ್ಳುತ್ತೇನೆ, ಅದು ಶಿಕ್ಷೆ ಅಲ್ಲ." ಹೀಗೆ ಮುಂಚೆಯೇ ಹೇಳಿದ್ದರೆ ಟೇಬಲ್ ಬಳಿ ಇನ್‌ಸ್ಟ್ರುಮೆಂಟ್ ಕಿತ್ತುಕೊಳ್ಳುವ ಪ್ರಸಂಗ ಬರುವುದಿಲ್ಲ. ಆಪರೇಷನ್ ಮುಗಿದು ನೋಟ್ಸ್ ಬರೆಯುವಾಗ ಎರಡು ನಿಮಿಷ: ಏನು ಚೆನ್ನಾಗಿ ಆಯಿತು, ಮುಂದಿನ ಸಲ ಏನು ಬದಲಾಯಿಸುತ್ತೀಯ. ಮೊದಲು ಅವರೇ ಹೇಳಲಿ.

ಮರೆಯಬಾರದ ಸಂಗತಿ: ಹರ್ನಿಯಾ, ಹೈಡ್ರೋಸೀಲ್, ಪೈಲ್ಸ್ ಇವೆಲ್ಲಾ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುವ ಆಪರೇಷನ್‌ಗಳು. ರೋಗಿ ಎಚ್ಚರವಾಗಿರುತ್ತಾನೆ. ಪರದೆಯ ಆಚೆ ಮಲಗಿ ನಿಮ್ಮ ಒಂದೊಂದು ಮಾತನ್ನೂ ಕೇಳಿಸಿಕೊಳ್ಳುತ್ತಾನೆ. "ಅಯ್ಯೋ, ಏನು ಮಾಡಿದೆ" ಅಂತ ನೀವು ಪಿಜಿಗೆ ಅಂದರೆ ಅವನ ಎದೆ ನಡುಗುತ್ತದೆ. ಬೈಗುಳ ಅಲ್ಲಿ ಬೇಡವೇ ಬೇಡ. ತಿದ್ದುವುದನ್ನು ತಣ್ಣಗೆ, ಅಂಗರಚನೆಯ ಹೆಸರಲ್ಲಿ ಹೇಳಿ.

ಸುರಕ್ಷತೆಯ ಪಾಠಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಚೆಕ್‌ಲಿಸ್ಟ್ ಇದೆ, 2008ರಲ್ಲಿ ಬಂದದ್ದು. ಎಂಟು ದೇಶಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಆಪರೇಷನ್ ನಂತರದ ಸಾವು ಶೇ. 1.5ರಿಂದ ಶೇ. 0.8ಕ್ಕೆ ಇಳಿಯಿತು ಅಂತ 2009ರಲ್ಲಿ ಪ್ರಕಟವಾಯಿತು. ಆ ಎಂಟರಲ್ಲಿ ದೆಹಲಿಯೂ ಒಂದು. ಇದನ್ನು ನಮ್ಮಲ್ಲಿ ನರ್ಸ್ ಟಿಕ್ ಹಾಕಿ ಫೈಲಿಗೆ ಸೇರಿಸುವ ಕಾಗದ ಮಾಡಿಬಿಟ್ಟಿದ್ದೇವೆ. ಅದರ ಬದಲು, ಚರ್ಮಕ್ಕೆ ಕತ್ತಿ ಇಡುವ ಮೊದಲು ಗುಂಪಿನ ಅತಿ ಕಿರಿಯ ಇಂಟರ್ನ್ ಕೈಯಲ್ಲಿ ಜೋರಾಗಿ ಓದಿಸಿ: ರೋಗಿಯ ಹೆಸರು, ಯಾವ ಕಡೆ, ಯಾವ ಆಪರೇಷನ್, ಆಂಟಿಬಯಾಟಿಕ್ ಕೊಟ್ಟಾಯಿತಾ. ಪ್ರೊಫೆಸರನ್ನೂ ನಿಲ್ಲಿಸಿ ಪ್ರಶ್ನೆ ಕೇಳಬಹುದು ಅನ್ನುವುದು ಆ ಇಂಟರ್ನ್‌ಗೆ ಅವತ್ತೇ ತಿಳಿಯುತ್ತದೆ.

ರಾತ್ರಿಯ ಎಮರ್ಜೆನ್ಸಿಯಲ್ಲಿ ಮಾತ್ರ ಪಾಠ ಬೇಡ. ಜಠರ ತೂತಾಗಿ, ಎಕ್ಸ್‌ರೇಯಲ್ಲಿ ವಪೆಯ (ಎದೆ, ಹೊಟ್ಟೆ ನಡುವಿನ ಪೊರೆ) ಕೆಳಗೆ ಗಾಳಿ ಕಾಣುತ್ತಿದೆ, ರೋಗಿಯ ಬಿಪಿ ಬೀಳುತ್ತಿದೆ ಅಂದರೆ ಅನುಭವ ಇರುವ ಕೈಯೇ ಬೇಗ ಮುಗಿಸಬೇಕು. ಆ ಎಕ್ಸ್‌ರೇ ಇಟ್ಟುಕೊಂಡಿರಿ. ಬೆಳಿಗ್ಗೆ ಕಾಫಿ ಹೊತ್ತಿಗೆ ಅದೇ ಕೇಸನ್ನು ಮೊದಲಿಂದ ಮಾತಾಡಿ. ರೋಗಿ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಯ ಖಾಲಿ ಪಟ್ಟಿಯನ್ನು ಮನೆಯವರಿಂದ ತರಿಸಿ ಎಲ್ಲರಿಗೂ ತೋರಿಸಿ.

ರೋಗಿಯನ್ನು ಕೇಳಿ, ರೋಗಿಯ ಭಾಷೆಯಲ್ಲಿ ಕೇಳಿ

ಬೋಧನಾ ಆಸ್ಪತ್ರೆಗೆ ಬಂದವರು ಬಡವರು, ಆಯುಷ್ಮಾನ್ ಕಾರ್ಡಿನಲ್ಲಿ ಆಪರೇಷನ್ ಆಗುತ್ತಿದೆ, ಆದ್ದರಿಂದ ಕೇಳುವ ಅಗತ್ಯವಿಲ್ಲ ಅನ್ನುವ ಧೋರಣೆ ಕೆಲವು ಕಡೆ ಇದೆ. ಇದು ನನಗೆ ಸಹಿಸಲಾಗದ ವಿಷಯ. "ನಿಮ್ಮನ್ನು ಕಲಿಯುವ ಡಾಕ್ಟರು ನೋಡುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ, ಬೇಡ ಅಂದರೂ ಚಿಕಿತ್ಸೆ ಹೀಗೇ ನಡೆಯುತ್ತದೆ" ಅಂತ ಹೇಳಿ. ಹಾಗೆ ಕೇಳಿದರೆ ಬೇಡ ಅನ್ನುವವರು ಬಹಳ ಕಡಿಮೆ. ಅಂದವರನ್ನು ಬಿಟ್ಟುಬಿಡಿ.

ಒಪ್ಪಿಗೆ ಪತ್ರಕ್ಕೆ ಕಾನೂನಿನ ತೂಕವೂ ಇದೆ. ಒಂದು ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ನಡೆಯುವುದಿಲ್ಲ, ಪ್ರಾಣಕ್ಕೆ ಅಪಾಯ ಇದ್ದರೆ ಮಾತ್ರ ಬೇರೆ ಮಾತು ಅಂತ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆದ್ದರಿಂದ ಒಪ್ಪಿಗೆ ತೆಗೆದುಕೊಳ್ಳುವುದನ್ನೂ ಒಂದು ಆಪರೇಷನ್ ಕಲಿಸಿದ ಹಾಗೆಯೇ ಕಲಿಸಿ. ಪಿಜಿ ವಿವರಿಸಲಿ, ನೀವು ಹಿಂದೆ ನಿಂತು ಕೇಳಿ.

ಕೋಲಾರದಲ್ಲಿ ಇದಕ್ಕೆ ಭಾಷೆಯ ತೊಡಕಿದೆ. ರೋಗಿ ಕನ್ನಡದಲ್ಲಿ ಶುರು ಮಾಡಿ ತೆಲುಗಿಗೆ ಜಾರುತ್ತಾನೆ. ಕೆಜಿಎಫ್‌ನಿಂದ ಬಂದವರು ತಮಿಳು, ಇನ್ನೊಬ್ಬರು ಉರ್ದು. ನಿಮ್ಮ ಪಿಜಿ ರಾಜಸ್ಥಾನದವನೋ ಕೇರಳದವಳೋ ಆಗಿರಬಹುದು. ಮೊದಲ ತಿಂಗಳಲ್ಲೇ ಅವರಿಗೆ ಜೇಬಿನಲ್ಲಿಡುವ ಪುಸ್ತಕ ಕೊಟ್ಟು, ರೋಗಿ ನೋವನ್ನು ಹೇಗೆ ಹೇಳುತ್ತಾನೋ ಹಾಗೇ ಬರೆದುಕೊಳ್ಳಲು ಹೇಳಿ: ಜೋಮು, ಉರಿ, ಚಳುಕು, ಸೆಳೆತ, ಹಿಂಡಿದ ಹಾಗೆ. ಈ ವಿಷಯದಲ್ಲಿ ವಾರ್ಡಿನ ಆಯಾಗಳು, ಸಿಸ್ಟರ್‌ಗಳು ನಮಗಿಂತ ಒಳ್ಳೆಯ ಮೇಷ್ಟ್ರು. ವಿವರಿಸಿ ಮುಗಿದಮೇಲೆ ರೋಗಿಯ ಬಾಯಿಂದಲೇ ಮತ್ತೆ ಹೇಳಿಸಿ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದರೆ ಸಾಲದು. ಕಾಫಿ, ಮಜ್ಜಿಗೆ, ಎಲೆಅಡಿಕೆ ಅಂತ ಒಂದೊಂದನ್ನೂ ಹೆಸರು ಹಿಡಿದು ಹೇಳಿಸಿ. ಹಮಾಲಿ ಕೇಳುವ ಪ್ರಶ್ನೆ ಯಾವಾಗಲೂ ಒಂದೇ: ಮತ್ತೆ ಬಾಕ್ಸ್ ಎತ್ತುವುದು ಯಾವಾಗ? ಟೊಮೆಟೊ ಬಾಕ್ಸ್ ಒಂದಕ್ಕೆ 15 ಕಿಲೋ. ನಾಲ್ಕರಿಂದ ಆರು ವಾರ ಭಾರ ಬೇಡ ಅಂತ ಹೇಳುವುದು ವಾಡಿಕೆ. ಅಷ್ಟು ದಿನ ಕೂಲಿ ಇಲ್ಲದೆ ಮನೆ ಹೇಗೆ ನಡೆಯುತ್ತದೆ ಅಂತ ಪಿಜಿ ಕೇಳಬೇಕು. ಸುಗ್ಗಿ ಮುಗಿದಮೇಲೆ ಆಪರೇಷನ್ ಇಟ್ಟುಕೊಳ್ಳಬಹುದಾ ಅನ್ನುವ ಯೋಚನೆ ಆ ಪ್ರಶ್ನೆಯಿಂದಲೇ ಹುಟ್ಟುತ್ತದೆ.

ಪ್ರಬಂಧಕ್ಕೆ ನಿಮ್ಮ ರಿಜಿಸ್ಟರೇ ಗಣಿ

ಪ್ರಮೋಷನ್ ಹತ್ತಿರ ಬಂದಾಗ ಗಾಬರಿಯಾಗಿ ದುಡ್ಡು ಕೊಟ್ಟರೆ ಏನು ಬೇಕಾದರೂ ಹಾಕುವ ಜರ್ನಲ್‌ಗೆ ಕಳಿಸುವುದು ಬೇಡ. ಸೇರಿದ ಮೊದಲ ವಾರದಿಂದ ಒಂದು ಎಕ್ಸೆಲ್ ಶೀಟ್ ಇಡಿ. ವಯಸ್ಸು, ತಾಲ್ಲೂಕು, ತೊಂದರೆ ಶುರುವಾಗಿ ಎಷ್ಟು ದಿನಕ್ಕೆ ಬಂದರು, ಮೊದಲು ಎಲ್ಲಿ ಏನು ಚಿಕಿತ್ಸೆ ಆಯಿತು, ಏನು ಆಪರೇಷನ್, 30ನೇ ದಿನಕ್ಕೆ ಗಾಯ ಹೇಗಿದೆ. ಮೆಶ್ ಹಾಕಿದವರನ್ನು 90 ದಿನದವರೆಗೆ ನೋಡಿ. ಹೆಸರು, ಫೋನ್ ನಂಬರ್ ಬೇರೆ ಕಡೆ, ಬೀಗದಲ್ಲಿ.

ಎರಡು ಮೂರು ವರ್ಷಕ್ಕೆ ಅದರಲ್ಲೇ ಪ್ರಶ್ನೆಗಳು ಕಾಣತೊಡಗುತ್ತವೆ. ಶುಗರ್ ಕಾಲಿನವರು ಯಾಕೆ ಇಷ್ಟು ತಡವಾಗಿ ಬರುತ್ತಿದ್ದಾರೆ? ಯಾವ ತಿಂಗಳಲ್ಲಿ ಗಾಯ ಕೀವಾಗುವುದು ಜಾಸ್ತಿ? ಆದರೆ ಈ ಮಾಹಿತಿ ಬಳಸಿ ಅಧ್ಯಯನ ಮಾಡುವುದಕ್ಕೆ ಮೊದಲೇ ಎಥಿಕ್ಸ್ ಕಮಿಟಿ ಒಪ್ಪಿಗೆ ಬೇಕು. ಚಿಕಿತ್ಸೆ ಹೋಲಿಸುವ ಟ್ರಯಲ್ ಆದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ಸಿಟಿಆರ್‌ಐನಲ್ಲಿ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ. 2018ರ ಏಪ್ರಿಲ್‌ನಿಂದ ಇದು ಕಡ್ಡಾಯ. ಒಂದೇ ರೋಗಿಯ ಕೇಸ್ ರಿಪೋರ್ಟ್ ಬರೆಯುವುದು ಒಳ್ಳೆಯ ಅಭ್ಯಾಸ, ಆದರೆ 2022ರ ನಿಯಮದಲ್ಲಿ ಪ್ರಮೋಷನ್ ಲೆಕ್ಕಕ್ಕೆ ಬರುತ್ತಿದ್ದದ್ದು ಮೂಲ ಅಧ್ಯಯನ, ಹಲವು ರೋಗಿಗಳ ಕೇಸ್ ಸೀರೀಸ್, ವ್ಯವಸ್ಥಿತ ವಿಮರ್ಶೆಗಳು.

ಸ್ವಂತ ಪ್ರಾಕ್ಟೀಸ್

ನೇಮಕಾತಿ ಪತ್ರವನ್ನು ಓದಿಯೇ ಸಹಿ ಹಾಕಿ. ಹೊರಗಿನ ಪ್ರಾಕ್ಟೀಸ್‌ಗೆ ಅವಕಾಶ ಇದೆಯಾ, ಎಷ್ಟು ಗಂಟೆಯ ನಂತರ, ಎಷ್ಟು ದೂರದಲ್ಲಿ ಅಂತ ಬರೆದಿರುತ್ತದೆ. ಕಾಲೇಜಿನ ಹೊತ್ತಿನಲ್ಲಿ ಹೊರಗೆ ಹೋಗುವ ಮಾತೇ ಇಲ್ಲ. ಹಾಜರಾತಿ ಈಗ ಆಧಾರ್ ಜೊತೆ ಮುಖ ಗುರುತಿಸುವ ಆ್ಯಪ್‌ನಲ್ಲಿ. ಸ್ವಂತ ಕ್ಲಿನಿಕ್ ಇಟ್ಟರೆ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ, ಜೈವಿಕ ತ್ಯಾಜ್ಯದ ಅನುಮತಿ, ವೃತ್ತಿ ಹೊಣೆಗಾರಿಕೆ ವಿಮೆ ಮೂರೂ ಬೇಕು.

ಒಂದು ಗೆರೆಯನ್ನು ಮಾತ್ರ ಮೊದಲ ದಿನವೇ ಎಳೆದುಕೊಳ್ಳಿ. ಕಾಲೇಜು ಓಪಿಡಿಗೆ ಬಂದ ರೋಗಿಯನ್ನು ಸಂಜೆ ನನ್ನ ಕ್ಲಿನಿಕ್‌ಗೆ ಬಾ ಅನ್ನಬಾರದು. ವಿದ್ಯಾರ್ಥಿಗಳು ನೋಡುತ್ತಿರುತ್ತಾರೆ. ನೀವು ಎಥಿಕ್ಸ್ ಬಗ್ಗೆ ಎಷ್ಟೇ ಚೆನ್ನಾಗಿ ಲೆಕ್ಚರ್ ಕೊಟ್ಟರೂ ಅವರು ಕಲಿಯುವುದು ಇದನ್ನೇ.

ಈಗಾಗಲೇ ತಾಲ್ಲೂಕಿನಲ್ಲಿರುವ ಸರ್ಜನ್‌ಗಳಿಗೆ

ಚಿಂತಾಮಣಿಯಲ್ಲೋ, ಬಂಗಾರಪೇಟೆಯಲ್ಲೋ, ಶಿರಾದಲ್ಲೋ ವರ್ಷಗಳಿಂದ ಕೆಲಸ ಮಾಡುತ್ತಿರುವವರಿಗೂ ಬಾಗಿಲು ಮುಚ್ಚಿಲ್ಲ. 2025ರ ನಿಯಮದಲ್ಲಿ 220 ಹಾಸಿಗೆಗೆ ಕಡಿಮೆ ಇಲ್ಲದ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ವರ್ಷ ತಜ್ಞರಾಗಿ ಕೆಲಸ ಮಾಡಿದವರು ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು; ರಿಸರ್ಚ್ ಕೋರ್ಸನ್ನು ಸೇರಿದ ಎರಡು ವರ್ಷದೊಳಗೆ ಮುಗಿಸಬೇಕು. ಹತ್ತು ವರ್ಷದ ಅನುಭವ ಇದ್ದರೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೂ ದಾರಿ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 100 ಹಾಸಿಗೆ ಇರುವುದರಿಂದ ಅಲ್ಲಿನ ಸೇವೆ ಈ ಲೆಕ್ಕಕ್ಕೆ ಸಿಗುವುದು ಕಷ್ಟ. ಕಲಿಸುವ ಆಸೆ ಇದ್ದರೆ ಜಿಲ್ಲಾ ಆಸ್ಪತ್ರೆಗೆ ವರ್ಗಾವಣೆ ಕೇಳಿ.

ಹುದ್ದೆ ಸಿಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಸುತ್ತಲಿನ ಪಿಎಚ್‌ಸಿ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಕಲಿಯಲು ತಯಾರಿದ್ದಾರೆ. ಮೊದಲ ಪಾಠವಾಗಿ ಶುಗರ್ ಕಾಲು ನೋಡುವುದನ್ನೇ ಆರಿಸಿ. ಇದಕ್ಕೆ ಯಾವ ಉಪಕರಣವೂ ಬೇಡ. ಚಪ್ಪಲಿ ಬಿಚ್ಚಿಸಿ, ಬೆರಳ ಸಂದಿ ಬಿಡಿಸಿ, ಅಂಗಾಲು ತಿರುಗಿಸಿ ನೋಡಲು ಹೇಳಿ. ಆಮೇಲೆ ರೋಗಿಗೆ ಕಣ್ಣು ಮುಚ್ಚಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಸವರಬಾರದು. ಮುಟ್ಟಿದಾಗ ಎಡ, ಬಲ ಅಂತ ರೋಗಿ ಹೇಳಬೇಕು. ಆರು ಬೆರಳಲ್ಲಿ ಎರಡು ಅಥವಾ ಅದಕ್ಕಿಂತ ಜಾಸ್ತಿ ಕಡೆ ಗೊತ್ತಾಗದಿದ್ದರೆ, ಗಾಯ ಇರಲಿ ಇಲ್ಲದಿರಲಿ, ಆ ವಾರವೇ ನಿಮ್ಮ ಬಳಿ ಕಳಿಸಲು ಹೇಳಿ.